ಎರಡು ಕೀಲು, ಒಂದೇ ತಾಳ

ಹಳೆಯ ಕಾರಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವುದು ಸುಲಭ. ಬಿಚ್ಚಿದ್ದನ್ನು ಇದ್ದ ಹಾಗೆಯೇ ಕೂರಿಸುವುದರಲ್ಲಿದೆ ಕಸುಬಿನ ಗುಟ್ಟು.

ಹಳೆಯ ಕಾರನ್ನು ಮೆಚ್ಚುವವರು ಮೊದಲು ಮೆಚ್ಚುವುದು ಅದರ ಮುಖವನ್ನು. ಗುಂಡನೆಯ ಮಡ್‌ಗಾರ್ಡು, ಫಳಫಳ ಹೊಳೆಯುವ ಬಂಪರು, ದೊಡ್ಡ ಕಣ್ಣಿನಂಥ ದೀಪಗಳು. ಬಾನೆಟ್ ಎತ್ತಿ ಎಂಜಿನ್ ನೋಡಿ ತಲೆದೂಗುವವರೂ ಉಂಟು. ಆದರೆ ನೆಲಕ್ಕೆ ಬಗ್ಗಿ ಕಾರಿನ ಹೊಟ್ಟೆಯ ಕೆಳಗೆ ಕಣ್ಣು ಹಾಯಿಸುವವರು ಬಹಳ ಕಡಿಮೆ. ಅಲ್ಲಿ ಗೇರ್‌ಬಾಕ್ಸಿನ ಬಾಲದಿಂದ ಹಿಂದಿನ ಆಕ್ಸಲ್ಲಿನವರೆಗೆ ಉದ್ದಕ್ಕೆ ಮಲಗಿರುವ ಒಂದು ಉಕ್ಕಿನ ಕೊಳವೆ ಇದೆ. ಎಂಜಿನ್ನಿನ ಶಕ್ತಿಯನ್ನೆಲ್ಲ ಹಿಂದಿನ ಚಕ್ರಗಳಿಗೆ ಹೊತ್ತೊಯ್ಯುವುದು ಇದೇ. ಪುಸ್ತಕಗಳಲ್ಲಿ ಇದಕ್ಕೆ ಡ್ರೈವ್‌ಶಾಫ್ಟ್ ಎಂದೂ ಹೆಸರುಂಟು. ನಮ್ಮ ಗ್ಯಾರೇಜುಗಳಲ್ಲಿ ಅದು ಪ್ರೊಪೆಲ್ಲರ್ ಶಾಫ್ಟ್. ಅವಸರದ ಬಾಯಲ್ಲಿ ಬರೀ ‘ಶಾಫ್ಟು’.

ಹಳೆಯ ಅಂಬಾಸಿಡರನ್ನೋ ಜೀಪನ್ನೋ ಸಾವಿರಾರು ರೂಪಾಯಿ ಸುರಿದು ಹೊಸದಾಗಿಸಿಕೊಂಡವರಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ. ಎಂಜಿನ್ ಬೋರ್ ಆಗಿದೆ, ಬಣ್ಣ ಬಂದಿದೆ, ಸೀಟಿಗೆ ಹೊಸ ಹೊದಿಕೆ ಬಿದ್ದಿದೆ. ಊರೊಳಗೆ ಗಾಡಿ ಬೆಣ್ಣೆಯ ಹಾಗೆ ಓಡುತ್ತದೆ. ಹೆದ್ದಾರಿಗೆ ಬಂದು ವೇಗ 60 ಕಿಲೋಮೀಟರು ದಾಟಿತೋ, ನೆಲದಿಂದ ಒಂದು ಗುಂಯ್‌ಗುಟ್ಟುವ ನಡುಕ ಎದ್ದು ಸೀಟಿಗೆ ಹತ್ತುತ್ತದೆ. ಚಕ್ರ ಬ್ಯಾಲೆನ್ಸ್ ಮಾಡಿಸಿದ್ದಾಯಿತು, ಟೈರು ಬದಲಿಸಿದ್ದಾಯಿತು, ಎಂಜಿನ್ನಿನ ರಬ್ಬರು ಹೊಸದು ಹಾಕಿದ್ದಾಯಿತು. ನಡುಕ ಹೋಗಲಿಲ್ಲ. ಕೊನೆಗೆ ಯಾರೋ ಅನುಭವಸ್ಥ ಮೇಸ್ತ್ರಿ ಕಾರಿನ ಕೆಳಗೆ ತೂರಿ ಹೊರಬಂದು ಕೇಳುವುದು ಒಂದೇ ಪ್ರಶ್ನೆ: ‘ಸಾರ್, ಶಾಫ್ಟು ಬಿಚ್ಚಿದಾಗ ಗುರುತು ಹಾಕಿದ್ರಾ?’

ಆ ಪ್ರಶ್ನೆಯ ಹಿಂದೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಲೆಕ್ಕಾಚಾರವಿದೆ.

ಸರಪಳಿ ಹೋಗಿ ಶಾಫ್ಟು ಬಂತು

ಮೊದಲ ಮೋಟಾರು ಗಾಡಿಗಳಲ್ಲಿ ಈ ಶಾಫ್ಟು ಇರಲಿಲ್ಲ. ಸೈಕಲ್ಲಿನಂತೆ ಸರಪಳಿ, ಇಲ್ಲವೇ ಹಿಟ್ಟಿನ ಗಿರಣಿಯಂತೆ ಚರ್ಮದ ಪಟ್ಟಿ ಚಕ್ರಗಳನ್ನು ತಿರುಗಿಸುತ್ತಿತ್ತು. ಸರಪಳಿ ಧೂಳು ತಿಂದು ಸವೆಯುತ್ತಿತ್ತು; ಪಟ್ಟಿ ಮಳೆಗೆ ನೆನೆದು ಜಾರುತ್ತಿತ್ತು. 1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತನ್ನ ಪುಟ್ಟ ಗಾಡಿಯಲ್ಲಿ ಇವೆರಡನ್ನೂ ಬಿಟ್ಟು, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ನೇರವಾಗಿ ಒಂದು ಶಾಫ್ಟನ್ನೇ ಜೋಡಿಸಿದ. ಮುಂದೆ ಜಗತ್ತಿನ ಬಹುತೇಕ ಕಾರುಗಳು ಹಿಡಿದದ್ದು ಅದೇ ದಾರಿ.

ಆದರೆ ಒಂದು ತೊಡಕಿತ್ತು. ಎಂಜಿನ್ ಮತ್ತು ಗೇರ್‌ಬಾಕ್ಸು ಚಾಸಿಗೆ ಬಿಗಿದು ಕೂತಿರುತ್ತವೆ. ಹಿಂದಿನ ಆಕ್ಸಲ್ಲಾದರೋ ಸ್ಪ್ರಿಂಗುಗಳ ಮೇಲೆ ತೂಗಿಕೊಂಡಿರುತ್ತದೆ. ರಸ್ತೆಯಲ್ಲಿ ಹಳ್ಳ ಬಂದರೆ ಆಕ್ಸಲ್ಲು ಇಳಿಯುತ್ತದೆ, ದಿಬ್ಬ ಬಂದರೆ ಏರುತ್ತದೆ. ನಡುವಿನ ಶಾಫ್ಟು ಎರಡೂ ಕಡೆ ಬಿಗಿಯಾಗಿದ್ದರೆ ಮೊದಲ ಹಳ್ಳಕ್ಕೇ ಮುರಿದುಹೋಗಬೇಕು. ಆದ್ದರಿಂದ ಅದಕ್ಕೆ ನಮ್ಮ ಮೊಣಕೈಯಂತೆ ಬಾಗಬಲ್ಲ ಕೀಲುಗಳು ಬೇಕು. ಆದರೆ ಬಾಗಿದ್ದಾಗಲೂ ತಿರುಗುವುದನ್ನು ನಿಲ್ಲಿಸಬಾರದು. ಅಷ್ಟೇ ಸಾಲದು. ಆಕ್ಸಲ್ಲು ಏರಿಳಿದಾಗ ಗೇರ್‌ಬಾಕ್ಸಿಗೂ ಅದಕ್ಕೂ ನಡುವಿನ ದೂರವೂ ಕೊಂಚ ಬದಲಾಗುತ್ತದೆ. ಆದ್ದರಿಂದ ಶಾಫ್ಟು ಹಿಗ್ಗಿ ಕುಗ್ಗಬೇಕು.

ಬಾಗುವ ಕೆಲಸಕ್ಕೆ ಬಂದದ್ದು ಯೂನಿವರ್ಸಲ್ ಜಾಯಿಂಟು. ಹಿಗ್ಗಿ ಕುಗ್ಗುವ ಕೆಲಸಕ್ಕೆ ಬಂದದ್ದು ಒಂದರೊಳಗೊಂದು ಜಾರುವ, ಉದ್ದುದ್ದ ಹಲ್ಲುಗಳ ಸ್ಪ್ಲೈನು. ಕೆಲವು ಗಾಡಿಗಳಲ್ಲಿ ಇದು ಗೇರ್‌ಬಾಕ್ಸಿನ ಬಾಲದಲ್ಲೇ ಇರುತ್ತದೆ. ಇನ್ನು ಕೆಲವುಗಳಲ್ಲಿ ಶಾಫ್ಟಿನ ಮೈಯಲ್ಲೇ ಇರುತ್ತದೆ.

ಯೂನಿವರ್ಸಲ್ ಜಾಯಿಂಟಿನ ರಚನೆ ನೋಡಲು ಸರಳ. ಕವೆಗೋಲಿನ ಹಾಗೆ ಎರಡು ಕಿವಿಗಳಿರುವ ಒಂದು ಉಕ್ಕಿನ ತುಂಡು; ಅದಕ್ಕೆ ಯೋಕ್ ಎಂದು ಹೆಸರು. ಅದಕ್ಕೆದುರಾಗಿ, ಅಡ್ಡಕ್ಕೆ ತಿರುಗಿಸಿ ಹಿಡಿದ ಇನ್ನೊಂದು ಯೋಕ್. ಎರಡರ ಕಿವಿಗಳನ್ನೂ ಬೆಸೆಯುವ, ಕೂಡುವ ಚಿಹ್ನೆಯಾಕಾರದ ಒಂದು ತುಂಡು ನಡುವೆ. ಅದೇ ಕ್ರಾಸ್. ಇಟಲಿಯ ಗಣಿತಜ್ಞ ಕಾರ್ಡಾನೊನ ಹೆಸರಿನಿಂದ ಯುರೋಪಿನಲ್ಲಿ ಇದನ್ನು ಕಾರ್ಡನ್ ಕೀಲು ಎಂದು ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಇದು ರಾಬರ್ಟ್ ಹುಕ್‌ನ ಕೀಲು. ಸ್ಪ್ರಿಂಗಿನ ನಿಯಮದಿಂದ ಶಾಲಾ ಮಕ್ಕಳಿಗೂ ಪರಿಚಿತನಾದ ಆ ಹುಕ್‌ನೇ ಈತ. ಕಾರಿಗೆ ತಕ್ಕ ಗಟ್ಟಿಮುಟ್ಟಾದ ಕೀಲನ್ನು ಕಾರ್ಖಾನೆಯ ಸರಕಾಗಿಸಿದ್ದು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. 1903ರಲ್ಲಿ ಪೇಟೆಂಟ್ ಪಡೆದು, ಮರುವರ್ಷವೇ ತಯಾರಿಕೆ ಆರಂಭಿಸಿದ. ಬ್ರಿಟನ್ನಿನ ಕಾರುಗಳಲ್ಲಿ ಈ ಕೀಲು ‘ಹಾರ್ಡಿ ಸ್ಪೈಸರ್’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯೇ ನಮ್ಮಲ್ಲಿ ಅಂಬಾಸಿಡರ್ ಆದದ್ದು. ಅದರ ಜೊತೆಗೆ ಈ ಕೀಲೂ ನಮ್ಮ ಗ್ಯಾರೇಜುಗಳಿಗೆ ಇಳಿಯಿತು.

ಕೀಲಿನ ಕುಂಟು ನಡೆ

ಈ ಕೀಲಿನಲ್ಲಿ ಒಂದು ಹುಟ್ಟುಗುಣವಿದೆ. ನೆಟ್ಟಗಿದ್ದಾಗ ಅದು ಸಾಧು, ಬಾಗಿದೊಡನೆ ಕುಂಟತೊಡಗುತ್ತದೆ. ಒಂದು ಬದಿಯ ಶಾಫ್ಟು ಒಂದೇ ಸಮನೆ ತಿರುಗುತ್ತಿದ್ದರೂ ಇನ್ನೊಂದು ಬದಿಯದು ಒಂದೊಂದು ಸುತ್ತಿನಲ್ಲೂ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂದೆ ಬೀಳುತ್ತದೆ. ಕೆಟ್ಟ ತಯಾರಿಕೆಯಿಂದ ಬಂದ ದೋಷವಲ್ಲ ಇದು. ಎಷ್ಟೇ ನಾಜೂಕಾಗಿ ಮಾಡಿದರೂ ಆ ಆಕಾರದ ಕೀಲು ನಡೆಯುವುದೇ ಹಾಗೆ.

ಎಷ್ಟರಮಟ್ಟಿಗೆ? ಕೀಲು 10 ಡಿಗ್ರಿ ಬಾಗಿದೆ ಎಂದಿಟ್ಟುಕೊಳ್ಳಿ. ಈಚೆಯ ಶಾಫ್ಟು ನಿಮಿಷಕ್ಕೆ ಸರಿಯಾಗಿ 1000 ಸುತ್ತು ತಿರುಗುತ್ತಿದ್ದರೆ ಆಚೆಯದರ ವೇಗ ಸುಮಾರು 985ರಿಂದ 1015ರವರೆಗೆ ತೊಯ್ದಾಡುತ್ತದೆ. 30 ಡಿಗ್ರಿ ಬಾಗಿಸಿದರೆ ಈ ತೊಯ್ದಾಟ 866ರಿಂದ 1155ಕ್ಕೇರುತ್ತದೆ. 1676ರಷ್ಟು ಹಿಂದೆಯೇ ರಾಬರ್ಟ್ ಹುಕ್ ಇದನ್ನು ಗುರುತಿಸಿದ್ದ. ಸೂರ್ಯಗಡಿಯಾರದ ನೆರಳು ಗಂಟೆಗಂಟೆಗೂ ಒಂದೇ ಅಳತೆಯಲ್ಲಿ ಸರಿಯುವುದಿಲ್ಲವಷ್ಟೆ; ಆ ಏರುಪೇರಿಗೂ ಬಾಗಿದ ಕೀಲಿನ ಏರುಪೇರಿಗೂ ಗಣಿತ ಒಂದೇ ಎಂದು ಆತ ಕಂಡುಕೊಂಡಿದ್ದ.

ಕಾರಿನ ಮಟ್ಟಿಗೆ ಇದರ ಅರ್ಥವೇನು? ಟೈರಿನ ಸುತ್ತಳತೆ ಸುಮಾರು 2 ಮೀಟರು, ಹಿಂದಿನ ಆಕ್ಸಲ್ಲಿನ ಹಲ್ಲಿನ ಅನುಪಾತ ನಾಲ್ಕೂವರೆಗೆ ಒಂದು ಎಂದುಕೊಳ್ಳೋಣ. ಗಾಡಿ ಗಂಟೆಗೆ 60 ಕಿಲೋಮೀಟರು ಓಡುವಾಗ ಚಕ್ರ ನಿಮಿಷಕ್ಕೆ 500 ಸುತ್ತು ತಿರುಗುತ್ತದೆ; ಶಾಫ್ಟು 2250 ಸುತ್ತು. ಸುತ್ತಿಗೆ ಎರಡರಂತೆ ಸೆಕೆಂಡಿಗೆ 75 ಸಲ ಹಿಂದಿನ ಆಕ್ಸಲ್ಲಿಗೆ ಎಳೆತ-ಸಡಿಲ, ಎಳೆತ-ಸಡಿಲ. ಸೀಟಿಗೆ ಹತ್ತಿ ಬರುವ ಗುಂಯ್‌ಗಾಟದ ಒಂದು ಮೂಲ ಇಲ್ಲಿದೆ.

ಹಾಗಾದರೆ ಇಷ್ಟು ಕಾಲ ಇಷ್ಟೊಂದು ಕಾರುಗಳು ನಡುಕವಿಲ್ಲದೆ ಓಡಿದ್ದು ಹೇಗೆ? ಕೀಲು ಎರಡಿರುವುದರಿಂದ. ಮುಂದಿನ ಕೀಲು ಶಾಫ್ಟನ್ನು ಮುನ್ನುಗ್ಗಿಸಿದ ಗಳಿಗೆಯಲ್ಲೇ ಹಿಂದಿನ ಕೀಲು ಅಷ್ಟೇ ಹಿಡಿದೆಳೆದರೆ, ಕುಂಟು ನಡೆಯೆಲ್ಲ ನಡುವಿನ ಕೊಳವೆಯಲ್ಲೇ ಮುಗಿದುಹೋಗಿ ಆಕ್ಸಲ್ಲಿಗೆ ತಲುಪುವ ತಿರುಗು ಒಂದೇ ಸಮ ಆಗುತ್ತದೆ. ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಎರಡು ಕೀಲುಗಳ ಈ ಪರಿಹಾರವನ್ನು ಸೂಚಿಸಿದವನೂ ಹುಕ್‌ನೇ.

ಆದರೆ ಈ ಹೊಂದಾಣಿಕೆಗೆ ಎರಡು ಷರತ್ತುಗಳಿವೆ. ಒಂದು, ನಡುವಿನ ಶಾಫ್ಟಿನ ಎರಡೂ ತುದಿಯ ಯೋಕ್‌ಗಳ ಕಿವಿಗಳು ಒಂದೇ ನೇರದಲ್ಲಿರಬೇಕು. ಎರಡು, ಎರಡೂ ಕೀಲುಗಳು ಸಮನಾಗಿ ಬಾಗಿರಬೇಕು. ಶಾಫ್ಟು ಜೋಡಿಸುವ ಕಸುಬೆಲ್ಲ ಈ ಎರಡು ಮಾತಿನಲ್ಲಿ ಅಡಗಿದೆ.

ಬಿಚ್ಚುವ ಮೊದಲು ಗುರುತು

ಮೊದಲನೆಯದು ಪ್ರಾಣದ ಮಾತು. ಗೇರಿನಲ್ಲಿ ನಿಲ್ಲಿಸಿದ ಗಾಡಿ ಕದಲುವುದಿಲ್ಲ ಎಂಬ ನಂಬಿಕೆ ಶಾಫ್ಟು ಇರುವತನಕ ಮಾತ್ರ. ಶಾಫ್ಟು ಕಳಚಿದ ಕ್ಷಣ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ. ಇಳಿಜಾರಿದ್ದರೆ ಗಾಡಿ ಉರುಳುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅವುಗಳ ಹ್ಯಾಂಡ್‌ಬ್ರೇಕು ಇರುವುದು ಚಕ್ರಗಳಲ್ಲಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಹಿಂದಿನ ಶಾಫ್ಟು ಬಿಚ್ಚಿದರೆ ಹ್ಯಾಂಡ್‌ಬ್ರೇಕು ಎಷ್ಟೇ ಎಳೆದರೂ ಹಿಂದಿನ ಚಕ್ರಕ್ಕೆ ಅದು ತಾಗುವುದಿಲ್ಲ. ಆದ್ದರಿಂದ ಸಮತಟ್ಟು ನೆಲ, ಚಕ್ರಗಳಿಗೆ ಅಡೆಗಟ್ಟೆ, ಗಾಡಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತೂರುವುದು ಜೀವದ ಜೊತೆ ಜೂಜು.

ಎರಡನೆಯದು ಗುರುತು. ಶಾಫ್ಟಿನ ಹಿಂದಿನ ಫ್ಲ್ಯಾಂಜನ್ನು ಡಿಫರೆನ್ಷಿಯಲ್ಲಿನ ಫ್ಲ್ಯಾಂಜಿಗೆ ನಾಲ್ಕು ಬೋಲ್ಟುಗಳು ಬಿಗಿದಿರುತ್ತವೆ. ಸ್ಪ್ಯಾನರ್ ಮುಟ್ಟುವ ಮೊದಲು ಎರಡೂ ಫ್ಲ್ಯಾಂಜುಗಳ ಅಂಚಿಗೆ ಅಡ್ಡಲಾಗಿ ಸೆಂಟರ್ ಪಂಚಿನಿಂದ ಒಂದೊಂದು ಚುಕ್ಕೆ ಹೊಡೆಯಬೇಕು. ಸ್ಪ್ಲೈನಿನ ಎರಡು ಭಾಗಗಳಿಗೂ, ಪ್ರತಿ ಕೀಲಿನ ಎರಡು ಯೋಕ್‌ಗಳಿಗೂ ಹಾಗೆಯೇ. ಬರೀ ಸೀಮೆಸುಣ್ಣದ ಗೆರೆ ಸಾಲದು. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಅದು ಉಳಿಯುವುದಿಲ್ಲ. ನಾಲ್ಕು ತೂತುಗಳಲ್ಲಿ ಯಾವುದಕ್ಕೆ ಯಾವುದು ಸೇರಿದರೇನು, ಬೋಲ್ಟು ಕೂತರೆ ಸರಿಯಲ್ಲವೇ ಎಂದು ಹೊಸಬರಿಗೆ ಅನ್ನಿಸಬಹುದು. ಆದರೆ ಎರಡು ಭಾಗಗಳೂ ವರ್ಷಗಟ್ಟಲೆ ಒಟ್ಟಿಗೇ ತಿರುಗಿವೆ. ಒಂದರ ಸಣ್ಣ ಓರೆಯನ್ನು ಇನ್ನೊಂದರ ಓರೆ ಸರಿದೂಗಿಸುತ್ತಿರಬಹುದು. ಇದ್ದ ಜಾಗವನ್ನು ಬದಲಿಸಿದರೆ ಎರಡು ಓರೆಗಳೂ ಸೇರಿ ದೊಡ್ಡದಾಗಬಹುದು.

ಕೊಳವೆಯ ಮೇಲೆ ಅಲ್ಲಲ್ಲಿ ಬೆಸುಗೆ ಹಾಕಿದ ಚಿಕ್ಕ ತಗಡಿನ ತುಂಡುಗಳು ಕಾಣುತ್ತವೆ. ತುಕ್ಕು ಕೆರೆಯುವ ಹುರುಪಿನಲ್ಲಿ ಇವನ್ನು ಕಿತ್ತುಹಾಕಿದವರುಂಟು. ಅವು ಕಾರ್ಖಾನೆಯವರು ಶಾಫ್ಟನ್ನು ತೂಗಿ ಸಮ ಮಾಡಲು ಇಟ್ಟ ತೂಕಗಳು. ಅವನ್ನು ಮುಟ್ಟಬಾರದು. ಅವು ಇದ್ದುದರ ಗುರುತು ಮಾತ್ರ ಉಳಿದಿದ್ದರೆ ಶಾಫ್ಟನ್ನು ಬ್ಯಾಲೆನ್ಸಿಂಗ್ ಯಂತ್ರವಿರುವ ಲೇತ್ ಅಂಗಡಿಗೆ ಕಳಿಸಬೇಕು.

ಸೂಜಿ ಸಾಲಿನ ಸೂಕ್ಷ್ಮ

ಕೀಲು ಸವೆದಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಕ್ಲಚ್ ಬಿಟ್ಟು ಹೊರಡುವಾಗ, ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕೆಳಗಿನಿಂದ ‘ಟಕ್’ ಎಂಬ ಸದ್ದು ಬಂದರೆ ಮೊದಲ ಅನುಮಾನ ಅದರ ಮೇಲೆ. ನಿಧಾನವಾಗಿ ಹೋಗುವಾಗ ಹಕ್ಕಿಮರಿಯಂತೆ ಚಿಂವ್‌ಚಿಂವ್ ಎಂದರೆ ಗ್ರೀಸು ಒಣಗಿದೆ ಎಂದರ್ಥ. ಕೈಯಿಂದ ಶಾಫ್ಟನ್ನು ಹಿಡಿದು ತಿರುಚಿದಾಗ ಕೀಲಿನಲ್ಲಿ ಸಡಿಲ ಕಂಡರೆ, ಇಲ್ಲವೇ ಬಿಚ್ಚಿದ ಕೀಲನ್ನು ಆಡಿಸಿದಾಗ ನಡುವೆ ಎಲ್ಲೋ ಸಿಕ್ಕಿಕೊಂಡಂತಾದರೆ ಹೊಸ ಕ್ರಾಸ್ ಬೇಕೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗಳಲ್ಲಿ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ಅಳತೆ ಹೊಂದಿಸಿ ತರುವುದು ಜಾಣತನ. ಬೇರಿಂಗ್ ಕಪ್ಪಿನ ವ್ಯಾಸದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಅದು ಯೋಕ್‌ನಲ್ಲಿ ಸರಿಯಾಗಿ ಕೂರುವುದಿಲ್ಲ.

ಕ್ರಾಸಿನ ನಾಲ್ಕು ತೋಳುಗಳ ತುದಿಗೂ ಒಂದೊಂದು ಬೇರಿಂಗ್ ಕಪ್ ಇರುತ್ತದೆ. ಅದರೊಳಗೆ ಗೋಡೆಗೆ ಒರಗಿ ಸುತ್ತಲೂ ನಿಂತ ಸಣ್ಣ ಸಣ್ಣ ಸೂಜಿ ರೋಲರುಗಳು. ಕಪ್ ಹೊರಗೆ ಜಾರದಂತೆ ಒಂದು ಸರ್ಕ್ಲಿಪ್ ತಡೆದಿರುತ್ತದೆ. ಸರ್ಕ್ಲಿಪ್ ತೆಗೆದು, ವೈಸಿನಲ್ಲಿ ಸಣ್ಣದೊಂದು ದೊಡ್ಡದೊಂದು ಬಾಕ್ಸ್ ಸ್ಪ್ಯಾನರನ್ನು ಎದುರುಬದುರಾಗಿ ಇಟ್ಟು ಒತ್ತಿದರೆ ಹಳೆಯ ಕಪ್ ನಿಧಾನವಾಗಿ ಹೊರಬರುತ್ತದೆ. ಸುತ್ತಿಗೆಯಿಂದ ಯೋಕ್‌ನ ಕಿವಿಗೆ ಜೋರಾಗಿ ಬಾರಿಸಿದರೂ ಬಂದೀತು. ಆದರೆ ಕಿವಿಯೇ ಬಾಗಿತೆಂದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಹೊಸದನ್ನು ಕೂರಿಸುವಾಗ ಬೇಕಾದ್ದು ತಾಳ್ಮೆ. ಸೂಜಿಗಳು ಬೀಳದಂತೆ ಗ್ರೀಸಿನಲ್ಲಿ ಅಂಟಿಸಿಕೊಂಡು, ಕ್ರಾಸಿನ ತೋಳನ್ನು ಕಪ್ಪಿನೊಳಗೆ ನೇರವಾಗಿ ಹಿಡಿದು, ಸ್ವಲ್ಪಸ್ವಲ್ಪವೇ ಒತ್ತಬೇಕು. ಒಂದೇ ಒಂದು ಸೂಜಿ ಕೆಳಕ್ಕೆ ಅಡ್ಡ ಬಿದ್ದರೂ ಕಪ್ ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ ತನ್ನ ಗಾಡಿಯಲ್ಲಿ ಕೂರುವುದಿಲ್ಲ. ಅಂಥ ಹೊತ್ತಿನಲ್ಲಿ ಬಲ ಹೆಚ್ಚಿಸುವವನು ಕೆಡಿಸುತ್ತಾನೆ. ಬಿಚ್ಚಿ ನೋಡುವವನು ಉಳಿಸುತ್ತಾನೆ. ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ, ಶಾಫ್ಟು ಗಾಡಿಗೆ ಏರಿದ ಮೇಲೂ ಗ್ರೀಸ್ ಗನ್ನು ಅಲ್ಲಿಗೆ ತಲುಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಎಲ್ಲ ಕೂತ ಮೇಲೆ ಯೋಕ್‌ನ ಕಿವಿಗೆ ಮೃದುವಾಗಿ ಒಂದೆರಡು ತಟ್ಟು. ಒಳಗಿನ ಬಿಗಿ ಸಡಿಲವಾಗಿ ಕಪ್‌ಗಳು ಸರ್ಕ್ಲಿಪ್ಪಿಗೆ ಒರಗಿ ನಿಲ್ಲುತ್ತವೆ. ಕೀಲು ಈಗ ಬೆರಳಿನ ಬಲಕ್ಕೇ ಎಲ್ಲ ದಿಕ್ಕಿಗೂ ಆಡಬೇಕು. ಆದರೆ ಸಡಿಲ ಇರಬಾರದು. ಕ್ರಾಸು ಎರಡು ಕಿವಿಗಳ ನಟ್ಟನಡುವೆ ನಿಲ್ಲುವುದೂ ಮುಖ್ಯ. ಒಂದು ಕಡೆಗೆ ಸರಿದಿದ್ದರೆ ಶಾಫ್ಟಿನ ಭಾರವೇ ಒಂದು ಕಡೆಗೆ ಸರಿದಂತೆ.

ಬಾಣಕ್ಕೆ ಬಾಣ

ಈಗ ಬಂತು ಮೊದಲ ಷರತ್ತು. ಸ್ಪ್ಲೈನು ಶಾಫ್ಟಿನ ಮೈಯಲ್ಲೇ ಇರುವ ಗಾಡಿಗಳಲ್ಲಿ ಶಾಫ್ಟು ಎರಡು ತುಂಡಾಗಿ ಕಳಚುತ್ತದೆ. ಮತ್ತೆ ಸೇರಿಸುವಾಗ ಯಾವ ಹಲ್ಲಿಗೆ ಯಾವ ಹಲ್ಲನ್ನು ಕೂಡಿಸಿದರೂ ಅದು ಜಾರಿ ಒಳಗೆ ಹೋಗುತ್ತದೆ. ತಪ್ಪಾಗಿದೆ ಎಂದು ಹೇಳುವುದಿಲ್ಲ. ಒಟ್ಟು 16 ಹಲ್ಲುಗಳಿದ್ದರೆ ಒಂದು ಹಲ್ಲು ತಪ್ಪಿದರೂ ಎರಡು ಯೋಕ್‌ಗಳ ನೇರ 22.5 ಡಿಗ್ರಿ ತಪ್ಪಿತು. ನಾಲ್ಕು ಹಲ್ಲು ತಪ್ಪಿದರೆ 90 ಡಿಗ್ರಿ. ಆಗ ಎರಡನೆಯ ಕೀಲು ಮೊದಲನೆಯದರ ಕುಂಟನ್ನು ತಿದ್ದುವ ಬದಲು ತನ್ನ ಕುಂಟನ್ನೂ ಅದಕ್ಕೆ ಕೂಡಿಸುತ್ತದೆ. ಹೊಚ್ಚಹೊಸ ಕ್ರಾಸುಗಳು, ಹೊಸ ಬೋಲ್ಟು, ಹೊಸ ಗ್ರೀಸು ಹಾಕಿದ ಶಾಫ್ಟು ಬಿಚ್ಚುವ ಮೊದಲಿಗಿಂತ ಹೆಚ್ಚು ನಡುಗುವುದು ಹೀಗೆ.

ವಿಲ್ಲೀಸ್ ಜೀಪನ್ನು ರೂಪಿಸಿದವರಿಗೆ ಈ ಎಡವಟ್ಟಿನ ಅರಿವಿತ್ತು. ಶಾಫ್ಟಿನ ಎರಡು ಭಾಗಗಳ ಮೇಲೂ ಒಂದೊಂದು ಬಾಣದ ಗುರುತು ಇಟ್ಟರು. ಬಾಣಕ್ಕೆ ಬಾಣ ಎದುರಾದರೆ ಯೋಕ್‌ಗಳು ಒಂದೇ ನೇರಕ್ಕೆ ಬಂದವೆಂದು ಅರ್ಥ. ಎರಡನೆಯ ಮಹಾಯುದ್ಧದ ಬಳಿಕ ಭಾರತದಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿದ ಜೀಪುಗಳು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ಏರುದಾರಿಯಲ್ಲಿ ದಶಕಗಳ ಕಾಲ ದುಡಿದವು. ಅವುಗಳ ಶಾಫ್ಟಿನ ಮೇಲಿನ ಬಾಣ ಮಣ್ಣು, ಗ್ರೀಸು, ಬಣ್ಣದ ಪದರಗಳಡಿ ಹೂತುಹೋಗಿರುವುದೇ ಹೆಚ್ಚು. ತಂತಿ ಬ್ರಷ್ಷು ಹಿಡಿದು ಕೆರೆದರೆ ಕಾಣಸಿಗುತ್ತದೆ.

ಬಾಣ ಸಿಗಲಿಲ್ಲ, ಹಿಂದಿನವರು ಗುರುತೂ ಹಾಕಿಲ್ಲ ಎನ್ನಿ. ಆಗ ಶಾಫ್ಟನ್ನು ಸಮತಟ್ಟಾದ ಕಲ್ಲುಚಪ್ಪಡಿಯ ಮೇಲೋ ಮೇಜಿನ ಮೇಲೋ ಮಲಗಿಸಿ, ಕೊಳವೆಗೆ ಸೇರಿದ ಎರಡು ತುದಿಯ ಯೋಕ್‌ಗಳ ಕಿವಿಗಳನ್ನು ಒಂದು ಕಣ್ಣು ಮುಚ್ಚಿ ನೋಡಬೇಕು. ಮುಂದಿನ ಕಿವಿಗಳು ಮಲಗಿದ್ದರೆ ಹಿಂದಿನವೂ ಮಲಗಿರಬೇಕು. ಅವು ನಿಂತಿದ್ದರೆ ಇವೂ ನಿಂತಿರಬೇಕು. ಕೆಲವು ಗಾಡಿಗಳಲ್ಲಿ ಒಂದು ಹಲ್ಲನ್ನು ಅಗಲವಾಗಿ ಮಾಡಿ, ತಪ್ಪಾಗಿ ಸೇರಿಸಲು ಬಾರದಂತೆ ತಡೆದಿರುತ್ತಾರೆ. ಆ ಸೌಲಭ್ಯವಿಲ್ಲದ ಕಡೆ ಕಣ್ಣೇ ಕಾವಲು.

ಸ್ಪ್ಲೈನು ಎಷ್ಟು ಒಳಗೆ ಹೋಗಿದೆ ಎಂಬುದನ್ನೂ ನೋಡಬೇಕು. ಪೂರ್ತಿ ಒಳಗೆ ಹೋಗಿ ತಳಕ್ಕೆ ತಾಗಿದ್ದರೆ ಗಾಡಿ ಗುಂಡಿಗೆ ಬಿದ್ದಾಗ ಶಾಫ್ಟು ಕುಗ್ಗಲು ಜಾಗವಿಲ್ಲದೆ ಗೇರ್‌ಬಾಕ್ಸಿನ ಬೇರಿಂಗಿಗೇ ಗುದ್ದುತ್ತದೆ. ತೀರ ಹೊರಗಿದ್ದರೆ ಕಳಚಿಬೀಳುವ ಭಯ. ಎರಡು ಕಡೆಗೂ ಆಟಕ್ಕೆ ಜಾಗ ಉಳಿದಿರಬೇಕು.

ಕೋನದ ಲೆಕ್ಕ

ಎರಡನೆಯ ಷರತ್ತು ಕೋನದ್ದು. ಇಲ್ಲಿ ಅನೇಕರು ಎಡವುತ್ತಾರೆ. ಶಾಫ್ಟು ನೆಟ್ಟಗೆ ಇದ್ದಷ್ಟೂ ಒಳ್ಳೆಯದು ಎಂದು ಭಾವಿಸುತ್ತಾರೆ. ಸೂತ್ರ ಅದಲ್ಲ. ಗೇರ್‌ಬಾಕ್ಸಿನ ಹೊರಶಾಫ್ಟು, ಡಿಫರೆನ್ಷಿಯಲ್ಲಿನ ಪಿನಿಯನ್ ಶಾಫ್ಟು ಇವೆರಡೂ ಒಂದಕ್ಕೊಂದು ಸಮಾಂತರವಾಗಿರಬೇಕು. ನಡುವಿನ ಪ್ರೊಪೆಲ್ಲರ್ ಶಾಫ್ಟು ಎಷ್ಟೇ ಓರೆಯಾಗಿರಲಿ, ಆಗ ಎರಡೂ ಕೀಲುಗಳ ಬಾಗು ತಾನಾಗಿ ಸಮನಾಗುತ್ತದೆ.

ಒಂದು ಉದಾಹರಣೆ. ಗೇರ್‌ಬಾಕ್ಸಿನ ಬಾಲ ಹಿಂದಕ್ಕೆ 3 ಡಿಗ್ರಿ ಇಳಿಜಾರಾಗಿದೆ. ಡಿಫರೆನ್ಷಿಯಲ್ಲಿನ ಮೂಗು 3 ಡಿಗ್ರಿ ಮೇಲಕ್ಕೆತ್ತಿದೆ. ಅಂದರೆ ಎರಡೂ ಸಮಾಂತರ. ನಡುವಿನ ಶಾಫ್ಟು 5 ಡಿಗ್ರಿ ಇಳಿಜಾರಾಗಿದ್ದರೆ ಮುಂದಿನ ಕೀಲಿನ ಬಾಗು 2 ಡಿಗ್ರಿ, ಹಿಂದಿನದೂ 2 ಡಿಗ್ರಿ. ಲೆಕ್ಕ ಸರಿಹೋಯಿತು. ಡಿಫರೆನ್ಷಿಯಲ್ಲಿನ ಮೂಗು 1 ಡಿಗ್ರಿಗೆ ಇಳಿದಿದೆ ಎನ್ನಿ. ಹಿಂದಿನ ಬಾಗು 4 ಡಿಗ್ರಿ ಆಗಿಬಿಟ್ಟಿತು. ಮುಂದಿನದು 2ರಲ್ಲೇ ಉಳಿಯಿತು. ಒಂದರ ತಪ್ಪನ್ನು ಇನ್ನೊಂದು ತಿದ್ದಲಾರದು. ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿಯೊಳಗೆ ಇರಲಿ ಎಂಬುದು ಕಸುಬಿನವರು ಪಾಲಿಸುವ ಲೆಕ್ಕ.

ಬಾಗು ಸೊನ್ನೆ ಇರುವುದೂ ಒಳ್ಳೆಯದಲ್ಲ ಎಂಬುದು ಸೋಜಿಗದ ಸಂಗತಿ. ಕೀಲು ಕೊಂಚವಾದರೂ, ಅರ್ಧ ಡಿಗ್ರಿಯಷ್ಟಾದರೂ, ಬಾಗಿದ್ದರೆ ಮಾತ್ರ ಒಳಗಿನ ಸೂಜಿಗಳು ಉರುಳಾಡುತ್ತವೆ. ಇಲ್ಲದಿದ್ದರೆ ನಿಂತಲ್ಲೇ ನಿಂತು ಭಾರ ಹೊತ್ತು ಕ್ರಾಸಿನ ಮೈಯಲ್ಲಿ ಗೀರು ಗೀರಾಗಿ ಗುಳಿ ತೋಡುತ್ತವೆ. ಕೂತು ಉಂಡ ಮೈಗೆ ರೋಗ ಬರುವ ಹಾಗೆ.

ಹಳೆಯ ಗಾಡಿಯ ಕೋನ ಕೆಡುವುದೇಕೆ? ಗೇರ್‌ಬಾಕ್ಸನ್ನು ಹೊತ್ತ ರಬ್ಬರು ಎಣ್ಣೆ ಕುಡಿದು ಮೆತ್ತಗಾಗಿ ಕುಸಿಯುತ್ತದೆ, ಬಾಲ ಕೆಳಗಿಳಿಯುತ್ತದೆ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಭಾರಕ್ಕೆ ಜೋತುಬೀಳುತ್ತವೆ. ಇಲ್ಲವೇ ಹೆಚ್ಚು ಮೂಟೆ ಹೊರಲೆಂದು ತೋಟದ ಜೀಪಿಗೆ ಎರಡು ಪಟ್ಟಿ ಹೆಚ್ಚಿಗೆ ಹಾಕಿ ಎತ್ತರಿಸಿರುತ್ತಾರೆ. ಆಗ ಮೊದಲೇ ಗಿಡ್ಡವಾದ ಹಿಂದಿನ ಶಾಫ್ಟು ಇನ್ನೂ ಕಡಿದಾಗಿ ನಿಲ್ಲುತ್ತದೆ. ಅಂಥ ಕಡೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ಉಕ್ಕಿನ ಬಿಲ್ಲೆ ಕೊಟ್ಟು ಪಿನಿಯನ್ನಿನ ಮೂಗನ್ನು ಏರಿಸಿ ಇಳಿಸಿ ಸರಿಮಾಡುತ್ತಾರೆ. ಪಟ್ಟಿ ಸ್ಪ್ರಿಂಗಿನ ಗಾಡಿಗಳಲ್ಲಿ ಎಂಜಿನ್ ಎಳೆಯುವಾಗ ಆ ಮೂಗು ತುಸು ಮೇಲಕ್ಕೇಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೋನ ಅಳೆಯಲು ನೀರ್ಮಟ್ಟದ ಗುಳ್ಳೆಯಿರುವ ಕೋನಮಾಪಕ ಸಾಕು. ಈಗ ಕಿಸೆಯಲ್ಲಿರುವ ಮೊಬೈಲ್ ಫೋನೂ ಆ ಕೆಲಸ ಮಾಡುತ್ತದೆ. ಆದರೆ ಅಳೆಯುವಾಗ ಗಾಡಿಯ ಭಾರವೆಲ್ಲ ಚಕ್ರಗಳ ಮೇಲೆ ಇರಬೇಕು. ಚಾಸಿಯನ್ನು ಜಾಕಿನಲ್ಲಿ ಎತ್ತಿ, ಆಕ್ಸಲ್ಲು ಜೋತುಬಿದ್ದಿರುವಾಗ ತೆಗೆದ ಅಳತೆ ರಸ್ತೆಯ ಮೇಲೆ ಸುಳ್ಳಾಗುತ್ತದೆ.

ನಡುಕದ ಭಾಷೆ

ಶಾಫ್ಟು ಏರಿಸಿ, ಚುಕ್ಕೆಗೆ ಚುಕ್ಕೆ ಹೊಂದಿಸಿ, ಫ್ಲ್ಯಾಂಜುಗಳ ಮುಖ ಒರೆಸಿ ಬೋಲ್ಟು ಬಿಗಿಯುವುದು ಕೊನೆಯ ಕೆಲಸ. ಇಲ್ಲಿ ಕೈಗೆ ಸಿಕ್ಕ ಬೋಲ್ಟು ನಡೆಯದು. ಕಂಪನಿ ಹೇಳಿದ ಗಟ್ಟಿ ಉಕ್ಕಿನದೇ ಬೇಕು. ತಾನಾಗಿ ಸಡಿಲವಾಗದ ನಟ್ಟುಗಳನ್ನು ಪ್ರತಿಸಲವೂ ಹೊಸದಾಗಿ ಹಾಕಬೇಕು. ಓಡುವಾಗ ಶಾಫ್ಟಿನ ಹಿಂದಿನ ತುದಿ ಕಳಚಿದರೆ ರಸ್ತೆಗೆ ಉಜ್ಜುತ್ತ ಬರುತ್ತದೆ. ಮುಂದಿನ ತುದಿ ಕಳಚಿದರೆ ಅದು ಈಟಿಯ ಹಾಗೆ ನೆಲಕ್ಕೆ ನಾಟಿಕೊಂಡು ಗಾಡಿಯನ್ನೇ ಎತ್ತಿಹಾಕಬಹುದು. ನಾಲ್ಕು ಬೋಲ್ಟಿನ ಮೇಲೆ ನಿಂತ ಜೀವಗಳೆಷ್ಟು ಎಂಬುದನ್ನು ಯೋಚಿಸಿಯೇ ಸ್ಪ್ಯಾನರ್ ತಿರುಗಿಸಬೇಕು.

ಪರೀಕ್ಷೆ ರಸ್ತೆಯಲ್ಲೇ ಆಗಲಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಗೇರಿನಲ್ಲಿ ಓಡಿಸುತ್ತ ಕೆಳಗೆ ಇಣುಕುವ ದುಸ್ಸಾಹಸ ಸಲ್ಲದು. ನಡುಕ ಮತ್ತೆ ಬಂದರೆ ಅದರ ಮಾತನ್ನು ಕೇಳಬೇಕು. ಒಂದೇ ವೇಗದಲ್ಲಿ ಗೇರು ಬದಲಿಸಿದರೂ ನಡುಕ ಹಾಗೆಯೇ ಇದ್ದರೆ ಎಂಜಿನ್ ನಿರಪರಾಧಿ. ಶಾಫ್ಟು ಅಥವಾ ಚಕ್ರದ ಕಡೆ ನೋಡಬೇಕು. ಚಕ್ರದ ನಡುಕ ನಿಧಾನ. ಶಾಫ್ಟಿನದು ಅದರ ನಾಲ್ಕೈದು ಪಟ್ಟು ಚುರುಕು. ಶಾಫ್ಟಿನ ನಡುಕದಲ್ಲೂ ಎರಡು ಬಗೆ. ಸುತ್ತಿಗೊಂದು ಸಲ ಬಂದರೆ ಕೊಳವೆ ಡೊಂಕಾಗಿದೆ ಅಥವಾ ತೂಕ ತಪ್ಪಿದೆ. ಸುತ್ತಿಗೆರಡು ಸಲ ಬಂದರೆ ಕೀಲುಗಳ ತಾಳ ತಪ್ಪಿದೆ. ಯೋಕ್‌ಗಳ ನೇರವನ್ನೂ ಕೋನವನ್ನೂ ಮತ್ತೆ ನೋಡಬೇಕು.

ತೂಕ ತಪ್ಪಿದ್ದಕ್ಕೆ ಹಳೆಯ ಮೆಕ್ಯಾನಿಕ್‌ಗಳಲ್ಲಿ ಒಂದು ಉಪಾಯವುಂಟು. ರೇಡಿಯೇಟರ್ ಪೈಪಿಗೆ ಹಾಕುವ ಹೋಸ್ ಕ್ಲಿಪ್ಪುಗಳೆರಡನ್ನು ಶಾಫ್ಟಿಗೆ ಬಿಗಿದು, ಸ್ಕ್ರೂ ತಲೆಗಳನ್ನು ಸ್ವಲ್ಪಸ್ವಲ್ಪವೇ ಸುತ್ತ ಸರಿಸುತ್ತ, ಪ್ರತಿಸಲವೂ ಓಡಿಸಿ ನೋಡುವುದು. ಎಲ್ಲಿ ನಡುಕ ತಗ್ಗುತ್ತದೋ ಅಲ್ಲಿ ನಿಲ್ಲಿಸುವುದು. ಲೇತ್ ಅಂಗಡಿಗೆ ಬದಲಿಯಲ್ಲ ಇದು. ದೂರದ ಊರಿನಲ್ಲಿ ಒಂದು ದಿನದ ಆಸರೆ. ಆದರೆ ತಾಳ ತಪ್ಪಿದ ಕೀಲನ್ನು ಯಾವ ಕ್ಲಿಪ್ಪೂ ಸರಿಮಾಡಲಾರದು.

ನಡುಕವನ್ನು ಸಹಿಸಿಕೊಂಡರಾಯಿತು ಎನ್ನುವವರಿಗೆ ಒಂದು ಎಚ್ಚರಿಕೆ. ಅದು ಬರೀ ಸೀಟಿನಲ್ಲಿ ಕೂತವರ ತೊಂದರೆಯಲ್ಲ. ಸೆಕೆಂಡಿಗೆ ಎಪ್ಪತ್ತೈದು ಸಲದ ಆ ಏಟು ಗೇರ್‌ಬಾಕ್ಸಿನ ಹಿಂದಿನ ಬೇರಿಂಗು, ಎಣ್ಣೆ ಸೀಲು, ಪಿನಿಯನ್ನಿನ ಬೇರಿಂಗುಗಳನ್ನು ತಿನ್ನುತ್ತದೆ. ಹಳೆಯ ಗಾಡಿಗೆ ಕ್ರೌನ್ ಪಿನಿಯನ್ ಹುಡುಕುವವರ ಪಾಡು ಹುಡುಕಿದವರಿಗೇ ಗೊತ್ತು.

ಗುರುತು ಉಳಿಯಬೇಕು

1983ರ ಕೊನೆಯಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರ ಹೊಟ್ಟೆಯ ಕೆಳಗೆ ಈ ಉದ್ದನೆಯ ಶಾಫ್ಟು ಇರಲಿಲ್ಲ. ಎಂಜಿನ್ ಮುಂದೆ, ಎಳೆಯುವ ಚಕ್ರಗಳೂ ಮುಂದೆ. ಬಳಿಕ ಬಂದ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹಾಗೆಯೇ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹಿಂದಿನ ಚಕ್ರ ತಿರುಗಿಸುವ ಮಾರುತಿ ಓಮ್ನಿಯದು 2019ರಲ್ಲಿ. ಲಾರಿ, ಬಸ್ಸು, ಜೀಪುಗಳಲ್ಲಿ ಶಾಫ್ಟು ಇಂದಿಗೂ ಇದೆ. ಆದರೆ ಕಾರಿನ ಕೆಳಗೆ ತೂರಿ, ಯೋಕ್‌ನ ಕಿವಿ ನೋಡಿ, ‘ತಮ್ಮಾ, ಒಂದು ಹಲ್ಲು ತಪ್ಪಿದೆ ನೋಡು’ ಎಂದು ಹುಡುಗನಿಗೆ ತೋರಿಸಿಕೊಡುವ ಮೇಸ್ತ್ರಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಇತ್ತ ಹಳೆಯ ಕಾರುಗಳ ಮೇಲಿನ ಮಮತೆ ಹೆಚ್ಚುತ್ತಿದೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಿಂತು ಬೆರಗಾಗದ ಯಾತ್ರಿಕರಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಮೂಲ ರೂಪ ಎಂದರೆ ಬಣ್ಣ, ಬಂಪರು ಮಾತ್ರವೇ? ಕಾರು ಓಡುವ ವಸ್ತು. ಅದು ಹಿಂದೆ ಓಡಿದ ಹಾಗೆಯೇ ಓಡಿದರಲ್ಲವೇ ಅದನ್ನು ಉಳಿಸಿಕೊಂಡಂತೆ?

ಹಾಗೆ ಓಡಿಸಲು ದುಬಾರಿ ಯಂತ್ರ ಬೇಕಿಲ್ಲ. ಒಂದು ಸೆಂಟರ್ ಪಂಚು, ಒಂದು ಸುತ್ತಿಗೆ, ಬಿಚ್ಚುವ ಮೊದಲು ಎರಡು ನಿಮಿಷದ ವ್ಯವಧಾನ. ಹಳೆಯ ಶಾಫ್ಟೊಂದನ್ನು ತೊಳೆದು ನೋಡಿದರೆ ಹಿಂದೆ ಬಿಚ್ಚಿದವರು ಹೊಡೆದಿಟ್ಟ ಚುಕ್ಕೆಗಳು ಕೆಲವೊಮ್ಮೆ ಕಾಣಸಿಗುತ್ತವೆ. ಹೊಡೆದವರು ಯಾರೋ, ಯಾವ ಊರಿನ ಗ್ಯಾರೇಜಿನವರೋ ತಿಳಿಯದು. ತನ್ನ ನಂತರ ಇದನ್ನು ಇನ್ನೊಬ್ಬ ಬಿಚ್ಚುತ್ತಾನೆ, ಅವನಿಗೆ ತಿಳಿಯಲಿ ಎಂದು ಅವರು ಯೋಚಿಸಿದ್ದರು. ಅದರ ಪಕ್ಕದಲ್ಲಿ ಮತ್ತೊಂದು ಚುಕ್ಕೆ ಬೀಳುವವರೆಗೆ ಆ ಗಾಡಿಗೆ ಚಿಂತೆಯಿಲ್ಲ.